‘ಕೊಡೂದಿಲ್ಲ’ ಅನ್ನೂದು, ‘ಕೊಡು’ ಅನ್ನೂದು

ಆದೇಶ ಬಂದದ್ದು ಒಂದು ಶನಿವಾರ. ಒಂದೇ ಹಾಳೆ. ಮೇಲೆ ಇಂಗ್ಲೆಂಡಿನ ಕೌಂಟಿ ಕೋರ್ಟಿನ ಮುದ್ರೆ, ಕೆಳಗೆ ಮೂರು ಸಣ್ಣ ಕಲಮುಗಳು. ಪ್ರತಿವಾದಿಯ ಪ್ರತಿದಾವೆಗೆ ಸಮಂಜಸ ಆಧಾರ ಕಾಣದ ಕಾರಣ ಅದನ್ನು ಹೊಡೆದುಹಾಕಲಾಗಿದೆ. ಈ ಆದೇಶವನ್ನು ವಿಚಾರಣೆ ನಡೆಸದೆ ಮಾಡಿರುವುದರಿಂದ, ಇದರಿಂದ ಬಾಧಿತರಾದವರು ಕೈಸೇರಿದ ಏಳು ದಿನದೊಳಗೆ ರದ್ದತಿಗೆ ಅರ್ಜಿ ಹಾಕಬಹುದು. ಮೂಲ ದಾವೆಯನ್ನು ಸಣ್ಣ ಮೊತ್ತದ ದಾವೆಗಳ ವಿಭಾಗಕ್ಕೆ, ಅಂದರೆ ಸ್ಮಾಲ್ ಕ್ಲೇಮ್ಸಿಗೆ, ಕಳಿಸಲಾಗಿದೆ.

ಅವರು ಹೊಡೆದುಹಾಕಿದ್ದು ನಾನು ಮೂರು ರಾತ್ರಿ ಕೂತು ಬರೆದ ಮೂರೂವರೆ ಪುಟವನ್ನು. ಅಡುಗೆಮನೆಯ ಮೇಜಿನ ಮುಂದೆ ನಿಂತೇ ಓದಿದೆ. ಕಿವಿ ಬಿಸಿಯಾದದ್ದು ನೆನಪಿದೆ. ಹಾಲು ಉಕ್ಕಿ ಒಲೆಯ ಮೇಲೆ ಹರಿದದ್ದು ಆಮೇಲೆ ಗೊತ್ತಾಯಿತು. ಮುಖ ಕೂಡ ನೋಡದೆ, ಒಂದು ಮಾತೂ ಕೇಳದೆ, ಯಾರೋ ನನ್ನ ನೋವಿನ ಮೇಲೆ ಅಡ್ಡಗೆರೆ ಎಳೆದರು ಅನ್ನಿಸಿತು. ಆ ಅನಿಸಿಕೆ ಎಷ್ಟು ಸರಿ, ಎಷ್ಟು ತಪ್ಪು ಎಂದು ತಿಳಿಯಲು ನನಗೆ ಏಳು ದಿನವೂ ಬೇಕಾಯಿತು. ಅದನ್ನೇ ಬರೆಯಲು ಕೂತಿದ್ದೇನೆ.

ಮೊದಲು ನಡೆದದ್ದನ್ನು ಹೇಳಬೇಕು. 2022ರ ಜೂನ್‌ನಲ್ಲಿ ಅವ್ವ ಹಾವೇರಿಯಿಂದ ಇಂಗ್ಲೆಂಡಿಗೆ ಬಂದಿದ್ದಳು. ಬಂದ ದಿನದಿಂದ ಅವಳ ಆಸೆ ಒಂದೇ: ಥೇಮ್ಸ್ ದಂಡೆಯ ಬಸವಣ್ಣನನ್ನು ನೋಡಬೇಕು. ಲಂಡನ್ನಿನ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ 2015ರ ನವೆಂಬರ್ 14ರಂದು ಅನಾವರಣವಾದ ಮೂರ್ತಿ ಅದು. ಅಲ್ಲಿ ನಿಂತರೆ ನದಿಯ ಆಚೆ ದಡದಲ್ಲಿ ಪಾರ್ಲಿಮೆಂಟು ಕಾಣುತ್ತದೆ. ಅವ್ವ ಚಪ್ಪಲಿ ಕಳಚಿ ಕೈಮುಗಿದಳು, ಬಹಳ ಹೊತ್ತು ನಿಂತಳು. ಮರಳಿ ಹೊರಡುವಾಗ ‘ಹೊಟ್ಟಿ ಹಸ್ತೈತೋ’ ಅಂದಳು. ಇನ್ನೊಂದು ಅರ್ಧ ತಾಸು, ದಾರಿಯಲ್ಲಿ ಒಳ್ಳೆಯ ಜಾಗ ಇದೆ ಅಂದೆ. ಅರ್ಧ ತಾಸು ಎರಡು ತಾಸಾಯಿತು. ನಮ್ಮೂರ ಹತ್ತಿರದ ಒಂದು ದೊಡ್ಡ ಅಂಗಡಿಸಾಲಿನ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿದೆವು. ಅಲ್ಲಿ ಎರಡು ತಾಸು ಉಚಿತ ಎಂದು ಫಲಕ ಹೇಳುತ್ತಿತ್ತು. ಅದನ್ನು ನಾನು ಓದಿದ್ದೆ. ಊಟ ಮುಗಿಸಿ, ಎರಡು ಸಾಮಾನು ಕೊಂಡು ಕಾರಿಗೆ ಬರುವಷ್ಟರಲ್ಲಿ ಅವ್ವನ ಕೈ ನಡುಗತೊಡಗಿತು. ಅವಳಿಗೆ ಸಕ್ಕರೆ ಕಾಯಿಲೆ. ಹೊತ್ತು ತಪ್ಪಿ ಉಂಡದ್ದು, ಮಾತ್ರೆ ಮಾತ್ರ ಹೊತ್ತಿಗೆ ಸರಿಯಾಗಿ ನುಂಗಿದ್ದು, ಬಿಸಿಲಲ್ಲಿ ನಡೆದದ್ದು ಎಲ್ಲ ಸೇರಿತ್ತು. ಹಣೆ ತಣ್ಣಗೆ, ಬೆವರು, ಮಾತು ತೊದಲು. ಸೀಟು ಹಿಂದಕ್ಕೆ ಒರಗಿಸಿ, ಕಿತ್ತಳೆ ರಸದ ಡಬ್ಬಿಗೆ ಸ್ಟ್ರಾ ಚುಚ್ಚಿ ಬಾಯಿಗೆ ಹಿಡಿದೆ. ಅರ್ಧ ಅವಳ ಸೆರಗಿಗೆ ಹೋಯಿತು. ಚೇತರಿಸಿಕೊಳ್ಳಲು ಅರ್ಧ ತಾಸು ಹಿಡಿಯಿತು. ಕ್ಯಾಮೆರಾ ಲೆಕ್ಕದಲ್ಲಿ ನಾವು ಒಳಗಿದ್ದದ್ದು 2 ತಾಸು 31 ನಿಮಿಷ.

ವಾರ ಕಳೆದ ಮೇಲೆ ಪಾರ್ಕಿಂಗ್ ಕಂಪನಿಯ ಕಾಗದ ಬಂತು. 100 ಪೌಂಡ್ ಕೊಡಿ, 14 ದಿನದೊಳಗೆ ಕಟ್ಟಿದರೆ 60.

ಇಂಗ್ಲೆಂಡಿನ ಈ ವ್ಯವಸ್ಥೆಯನ್ನು ಊರಿನವರಿಗೆ ವಿವರಿಸುವುದು ಕಷ್ಟ. ಖಾಸಗಿ ಜಾಗದ ಪಾರ್ಕಿಂಗನ್ನು ನೋಡಿಕೊಳ್ಳುವುದು ಖಾಸಗಿ ಕಂಪನಿ. ಅದಕ್ಕೆ ದಂಡ ಹಾಕುವ ಅಧಿಕಾರವಿಲ್ಲ. ಫಲಕ ಓದಿ ಕಾರು ನಿಲ್ಲಿಸಿದರೆ ಅದೇ ಕರಾರು, ಕರಾರು ಮೀರಿದರೆ ಇಂತಿಷ್ಟು ಹಣ ಎಂಬ ಆಧಾರದ ಮೇಲೆ ಅವರು ಕೇಳುತ್ತಾರೆ. ಮೊದಲೆಲ್ಲ ಗಾಲಿಗೆ ಬೀಗ ಜಡಿಯುತ್ತಿದ್ದರು. 2012ರ ಕಾಯಿದೆಯೊಂದು ಆ ವರ್ಷದ ಅಕ್ಟೋಬರ್ 1ರಿಂದ ಖಾಸಗಿ ಜಾಗದಲ್ಲಿ ಬೀಗ ಹಾಕುವುದನ್ನು ನಿಲ್ಲಿಸಿತು. ಅದಕ್ಕೆ ಬದಲಾಗಿ, ಓಡಿಸಿದವರು ಯಾರೆಂದು ಗೊತ್ತಾಗದಿದ್ದರೆ ಕಾರು ಯಾರ ಹೆಸರಿನಲ್ಲಿದೆಯೋ ಅವರನ್ನೇ ಕೇಳಬಹುದು ಎಂದಿತು. ವಾಹನ ನೋಂದಣಿ ಇಲಾಖೆ ಒಂದು ವಿಳಾಸಕ್ಕೆ 2.50 ಪೌಂಡ್ ತೆಗೆದುಕೊಂಡು ಕಂಪನಿಗಳಿಗೆ ಹೆಸರು, ವಿಳಾಸ ಕೊಡುತ್ತದೆ. ಈ ಬಗೆಯ ಶುಲ್ಕ ನ್ಯಾಯವೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಚೆಲ್ಮ್ಸ್‌ಫರ್ಡಿನಲ್ಲಿ 2013ರ ಏಪ್ರಿಲ್‌ನಲ್ಲಿ ಬ್ಯಾರಿ ಬೀವಿಸ್ ಎಂಬವರು ಎರಡು ತಾಸಿನ ಉಚಿತ ಅವಧಿಯನ್ನು 56 ನಿಮಿಷ ಮೀರಿದ್ದರು, ಕೇಳಿದ ಹಣ 85 ಪೌಂಡ್. 2015ರ ನವೆಂಬರ್ 4ರಂದು ಏಳು ನ್ಯಾಯಮೂರ್ತಿಗಳಲ್ಲಿ ಆರು ಜನ ಕಂಪನಿಯ ಪರ ತೀರ್ಪಿತ್ತರು. ಲಾರ್ಡ್ ಟೌಲ್ಸನ್ ಒಬ್ಬರೇ ಒಪ್ಪಲಿಲ್ಲ. ಅವ್ವ ಕೈಮುಗಿದ ಮೂರ್ತಿಯ ಎದುರು ದಡದಲ್ಲೇ, ಪಾರ್ಲಿಮೆಂಟಿನ ಮಗ್ಗುಲಲ್ಲಿ ಆ ಕೋರ್ಟು. ತೀರ್ಪು ಬಂದು ಹತ್ತು ದಿನಕ್ಕೆ ಮೂರ್ತಿಯ ಅನಾವರಣ.

ನಾನು ಕಂಪನಿಗೆ ಒಂದೇ ಒಂದು ಕಾಗದ ಬರೆದೆ. ತಾಯಿಗೆ ಹುಷಾರು ತಪ್ಪಿತ್ತು, ದಯವಿಟ್ಟು ಕೈಬಿಡಿ ಅಂತ. ನಿಮ್ಮ ಮನವಿ ತಿರಸ್ಕೃತವಾಗಿದೆ ಎಂಬ ಅಚ್ಚಿನ ಉತ್ತರ ಬಂತು. ತಾಯಿ ಎಂಬ ಶಬ್ದವೇ ಅದರಲ್ಲಿ ಇರಲಿಲ್ಲ. ಅಲ್ಲಿಂದ ನಾನು ಬಾಯಿ ಮುಚ್ಚಿದೆ, ಕಾಗದಗಳು ಬರುತ್ತಲೇ ಇದ್ದವು. ಒಂದಕ್ಕಿಂತ ಒಂದು ದೊಡ್ಡ ಅಕ್ಷರ, ಕೊನೆಯವಕ್ಕೆ ಕೆಂಪು ಪಟ್ಟಿ. 100 ಇದ್ದದ್ದು ವಸೂಲಿ ವೆಚ್ಚ ಅಂತ 70 ಸೇರಿ 170 ಆಯಿತು. ಈ 70ರ ಬಗ್ಗೆ ಒಂದು ಮಾತು ಹೇಳಲೇಬೇಕು. ಇಂಥ ಹೆಚ್ಚುವರಿಯನ್ನು ನಿಷೇಧಿಸಿ, ಬಹುಪಾಲು ಶುಲ್ಕವನ್ನು 50 ಪೌಂಡಿಗೆ ಇಳಿಸುವ ನಿಯಮಾವಳಿಯನ್ನು ಸರಕಾರ 2022ರ ಫೆಬ್ರವರಿಯಲ್ಲಿ ಪ್ರಕಟಿಸಿತ್ತು. ಕಂಪನಿಗಳು ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಿದವು. ಜೂನ್‌ನಲ್ಲಿ, ಅವ್ವ ಬಂದಿದ್ದ ಅದೇ ತಿಂಗಳು, ಸರಕಾರ ಅದನ್ನು ಹಿಂತೆಗೆದುಕೊಂಡಿತು. ಆ ಹೆಚ್ಚುವರಿ 70 ಅನ್ಯಾಯವೆಂದೇ ನಾನು ಈಗಲೂ ನಂಬುತ್ತೇನೆ.

2023ರಲ್ಲಿ ನಾರ್ಥಾಂಪ್ಟನ್ನಿನ ಕೋರ್ಟಿನ ಮುದ್ರೆಯಿರುವ ದಾವೆಯ ಕಾಗದ ಬಂತು. 170 ಪೌಂಡ್, ವರ್ಷಕ್ಕೆ ಶೇಕಡಾ 8 ಬಡ್ಡಿ, ಕೋರ್ಟ್ ಶುಲ್ಕ 35, ವಕೀಲರ ವೆಚ್ಚ 50. ಇಂಥದ್ದಕ್ಕೆ ಉತ್ತರವನ್ನೇ ಕೊಡದೆ ಬಿಟ್ಟರೆ ಏಕಪಕ್ಷೀಯ ತೀರ್ಪಾಗುತ್ತದೆ, ತಿಂಗಳೊಳಗೆ ಕಟ್ಟದಿದ್ದರೆ ಆರು ವರ್ಷ ಅದು ದಾಖಲೆಯಲ್ಲಿ ಉಳಿದು ಮನೆ ಸಾಲಕ್ಕೆ ಅಡ್ಡ ಬರುತ್ತದೆ. ನಾನು ಉತ್ತರ ಕೊಟ್ಟೆ. ಅಷ್ಟಕ್ಕೆ ನಿಲ್ಲಲಿಲ್ಲ. ನನಗೇ ಅವರು 500 ಪೌಂಡ್ ಕೊಡಬೇಕು ಎಂದು ಪ್ರತಿದಾವೆಯನ್ನೂ ಹೂಡಿದೆ. ಅದಕ್ಕೆ ಕೋರ್ಟ್ ಶುಲ್ಕ 50 ಪೌಂಡ್ ಕಟ್ಟಿದೆ. ನನ್ನ ವಿಳಾಸವನ್ನು ದುರ್ಬಳಕೆ ಮಾಡಿದರು, ಕಾಗದದ ಮೇಲೆ ಕಾಗದ ಕಳಿಸಿ ಹಿಂಸಿಸಿದರು, ಮನಸ್ಸಿಗೆ ನೋವು ಕೊಟ್ಟರು ಎಂಬುದು ನನ್ನ ಆರೋಪ.

ಅದನ್ನೇ ಹೊಡೆದುಹಾಕಿದ್ದು.

ಶನಿವಾರ ರಾತ್ರಿಯಿಡೀ ನಾನು ರದ್ದತಿಯ ಅರ್ಜಿಯ ಬಗ್ಗೆ ಓದಿದೆ. ಎನ್244 ಎಂಬ ನಮೂನೆ. ಎದುರು ಪಕ್ಷವನ್ನು ಕರೆಸಿ ವಿಚಾರಣೆ ನಡೆಸುವ ಅರ್ಜಿಗೆ ಆಗ 275 ಪೌಂಡ್ ಶುಲ್ಕ. ಕೇಳಿದ್ದು 500, ಕಟ್ಟಿದ್ದು 50, ಕಟ್ಟಬೇಕಾದ್ದು 275. ಹಣದ ಮಾತಲ್ಲ ಇದು, ಮಾನದ ಮಾತು ಎಂದು ಹೆಂಡತಿಗೆ ಹೇಳಿದೆ. ಅವಳು ಏನೂ ಅನ್ನಲಿಲ್ಲ. ಮಕ್ಕಳ ಈಜು ತರಗತಿಯ ಶುಲ್ಕದ ಚೀಟಿಯನ್ನು ನನ್ನ ಕೈಗಿಟ್ಟು ಮಲಗಲು ಹೋದಳು.

ಅಪ್ಪ ನೆನಪಾದದ್ದು ಭಾನುವಾರ ಬೆಳಿಗ್ಗೆ.

ಅಪ್ಪ ವಕೀಲರೊಬ್ಬರ ಹತ್ತಿರ ಮೂವತ್ತೆರಡು ವರ್ಷ ಗುಮಾಸ್ತನಾಗಿದ್ದ. ಬೆರಳಿಗೆ ಯಾವಾಗಲೂ ಗೋಂದು, ನೀಲಿ ಶಾಯಿ. ಕಟ್ಟುಗಳನ್ನು ಬಿಚ್ಚಿ ಕಟ್ಟುವ ದಾರ ಅವನ ಅಂಗಿಯ ಜೇಬಿನಲ್ಲೇ ಇರುತ್ತಿತ್ತು. ರಜೆಯಲ್ಲಿ ನಾನು ಅವನ ಜೊತೆ ಹೋಗಿ ಕಟ್ಟೆಯ ಮೇಲೆ ಕೂತು ಪುಟಗಳಿಗೆ ಅಂಕಿ ಹಾಕುತ್ತಿದ್ದೆ. ಒಮ್ಮೆ ಒಬ್ಬ ರೈತ ಬಂದ. ನಾನು ಬದು ಒತ್ತಿದ್ದೇನೆ ಎಂದು ಪಕ್ಕದ ಹೊಲದವನು ನನ್ನ ಮೇಲೆ ಸುಳ್ಳು ದಾವೆ ಹಾಕಿದ್ದಾನೆ, ನಾನೂ ಅವನ ಮೇಲೆ ದಾವೆ ಹಾಕಬೇಕು ಅಂದ. ಏನಂತ ಹಾಕ್ತೀ ಅಂತ ಅಪ್ಪ ಕೇಳಿದ. ನನ್ನ ಮರ್ಯಾದಿ ತಗದಾನ್ರೀ, ಓಣ್ಯಾಗ ತಲಿ ಎತ್ತಿ ತಿರುಗದಂಗ ಮಾಡ್ಯಾನ ಅಂದ ಆ ಮನುಷ್ಯ. ಅವನ ಕಣ್ಣಲ್ಲಿ ನೀರಿತ್ತು. ಅಪ್ಪ ಅವನಿಗೆ ಚಹಾ ತರಿಸಿದ. ಆಮೇಲೆ ಹೇಳಿದ ಮಾತು ನನಗೆ ಆಗ ತಿಳಿಯಲಿಲ್ಲ, ಆದರೆ ಕಿವಿಯಲ್ಲಿ ಉಳಿಯಿತು.

‘ನೋಡಪಾ, ಕೊಡೂದಿಲ್ಲ ಅನ್ನೂದು ಕೈಫಿಯತ್ತು. ಕೊಡು ಅನ್ನೂದು ದಾವೆ. ಮೊದಲನೇದಕ್ಕ ನೀ ತಪ್ಪು ಮಾಡಿಲ್ಲಂದ್ರ ಸಾಕು. ಎರಡನೇದಕ್ಕ ಅವ ತಪ್ಪು ಮಾಡ್ಯಾನ, ಎಂಥಾ ತಪ್ಪು, ಅದರಿಂದ ನಿಂಗ ಏನ ಹೋತು, ಮೂರೂ ತೋರಿಸಬೇಕು. ಸಿಟ್ಟಿಗೆ ಕಾಲಂ ಇಲ್ಲ.’

ಕೈಫಿಯತ್ತು ಎಂದರೆ ಪ್ರತಿವಾದಿಯ ಲಿಖಿತ ಹೇಳಿಕೆ. ನಮ್ಮ ಕಡೆಯ ಕೋರ್ಟುಗಳಲ್ಲಿ ಹಳಬರ ಬಾಯಲ್ಲಿ ಅದೇ ಹೆಸರು. ನಮ್ಮ ದೇಶದ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಪ್ರತಿದಾವೆಗೆ ಪ್ರತ್ಯೇಕ ನಿಯಮ ಸೇರಿದ್ದು 1976ರ ತಿದ್ದುಪಡಿಯಿಂದ. ಅದರಲ್ಲೂ ಪ್ರತಿದಾವೆಯನ್ನು ಒಂದು ದಾವೆಯಂತೆಯೇ ನೋಡಬೇಕು ಎಂದಿದೆ, ಮೂಲ ದಾವೆ ಬಿದ್ದುಹೋದರೂ ಪ್ರತಿದಾವೆ ನಡೆಯಬಹುದು ಎಂದಿದೆ. ಇಂಗ್ಲೆಂಡಿನಲ್ಲೂ ತಿರುಳು ಅದೇ. ಎರಡೂ ಒಂದೇ ಲಕೋಟೆಯಲ್ಲಿ ಹೋಗುತ್ತವೆ, ಒಂದೇ ಜಗಳದಿಂದ ಹುಟ್ಟುತ್ತವೆ, ಆದರೆ ಎರಡಕ್ಕೂ ಬೇರೆ ಬೇರೆ ಕಾಲು. ಒಂದು ಬಿದ್ದರೆ ಇನ್ನೊಂದು ಬೀಳುವುದಿಲ್ಲ. ಆದೇಶದ ಮೂರನೆಯ ಕಲಮನ್ನು ನಾನು ಶನಿವಾರ ಓದಿಯೂ ಓದಿರಲಿಲ್ಲ. ನನ್ನ ಕೈಫಿಯತ್ತನ್ನು ಯಾರೂ ಮುಟ್ಟಿರಲಿಲ್ಲ. ಕೊಡುವುದಿಲ್ಲ ಎಂಬ ನನ್ನ ಮಾತನ್ನು ಕೇಳಲು ಒಬ್ಬ ನ್ಯಾಯಾಧೀಶರು ಒಂದು ದಿನ, ಒಂದು ಹೊತ್ತು ಗೊತ್ತು ಮಾಡಲಿದ್ದರು.

ಸೋಮವಾರ ಕೆಲಸ ಮುಗಿಸಿ ಬಂದು ನನ್ನ ಮೂರೂವರೆ ಪುಟವನ್ನು ತೆಗೆದೆ. ಬೇರೆಯವರು ಬರೆದದ್ದು ಎಂದುಕೊಂಡು ಓದಲು ನೋಡಿದೆ. ಮೊದಲ ಪುಟದಲ್ಲಿ ಕಂಪನಿಯ ದುರಾಸೆ. ಎರಡನೆಯದರಲ್ಲಿ ಇಡೀ ಉದ್ಯಮದ ದುರಾಸೆ. ಮೂರನೆಯದರಲ್ಲಿ ಸರಕಾರದ ನಿರ್ಲಕ್ಷ್ಯ. ನನ್ನ ವಿಳಾಸವನ್ನು ದುರ್ಬಳಕೆ ಮಾಡಿದರು ಎಂದಿದ್ದೆ, ಹೇಗೆ ಎಂದು ಹೇಳಿರಲಿಲ್ಲ. ಹಿಂಸೆ ಎಂದಿದ್ದೆ, ಯಾವ ಕಾಗದ, ಯಾವ ತಾರೀಕು, ನಾನು ಏನು ಉತ್ತರ ಕೊಟ್ಟೆ ಎಂದು ಹೇಳಿರಲಿಲ್ಲ. ಹೇಳುವುದೇನಿತ್ತು, ಮೊದಲ ಉತ್ತರದ ನಂತರ ನಾನು ಬರೆದೇ ಇರಲಿಲ್ಲ. ಐನೂರು ಎಂಬ ಅಂಕಿ ಎಲ್ಲಿಂದ ಬಂತು ಎಂದು ಎಲ್ಲಿಯೂ ಇರಲಿಲ್ಲ. ನಿಜ ಹೇಳಬೇಕೆಂದರೆ ಅದು ಎಲ್ಲಿಂದಲೂ ಬಂದಿರಲಿಲ್ಲ. ರಾತ್ರಿ ಒಂದೂವರೆಗೆ, ಇನ್ನೂರು ಕಡಿಮೆ ಅನ್ನಿಸಿ, ಸಾವಿರ ಹೆಚ್ಚೆನ್ನಿಸಿ ಬರೆದದ್ದು.

ಇಂಥ ದಾವೆಗಳು ಎಂದಿಗೂ ನಿಲ್ಲುವುದಿಲ್ಲವೇ? ನಿಲ್ಲುತ್ತವೆ. ಲೀಸಾ ಫರ್ಗ್ಯೂಸನ್ ಎಂಬ ಮಹಿಳೆ ಒಂದು ದೊಡ್ಡ ಗ್ಯಾಸ್ ಕಂಪನಿಯ ವಿರುದ್ಧ ಹೂಡಿದ ದಾವೆಯನ್ನು ಹೊಡೆದುಹಾಕಿ ಎಂದು ಆ ಕಂಪನಿ ಕೇಳಿತ್ತು. ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ 2009ರಲ್ಲಿ ಒಪ್ಪಲಿಲ್ಲ. ಆಕೆ ಆ ಕಂಪನಿಯನ್ನು ಬಿಟ್ಟು ಬೇರೆ ಕಡೆ ಹೋಗಿದ್ದರು, ಒಂದು ಪೈಸೆಯೂ ಬಾಕಿ ಇರಲಿಲ್ಲ, ಆದರೂ ಬಿಲ್ಲು, ಬೆದರಿಕೆ ಬರುತ್ತಲೇ ಇದ್ದವು. ಆಕೆ ಮತ್ತೆ ಮತ್ತೆ ಬರೆದರು, ಫೋನು ಮಾಡಿದರು, ಮೇಲಧಿಕಾರಿಗೆ ಬರೆದರು. ಕಾಗದಗಳನ್ನು ಕಳಿಸಿದ್ದು ಕಂಪ್ಯೂಟರ್, ಆಕೆ ಅದನ್ನು ಅಷ್ಟು ಮನಸ್ಸಿಗೆ ಹಚ್ಚಿಕೊಳ್ಳಬಾರದಿತ್ತು ಎಂದು ಕಂಪನಿ ವಾದಿಸಿತು. ಕಂಪ್ಯೂಟರಿಗೆ ಹಾಗೆ ಮಾಡೆಂದು ಹೇಳಿದ್ದು ಮನುಷ್ಯರೇ, ಕಾಗದ ಓದುವುದೂ ಮನುಷ್ಯರೇ ಎಂಬ ನೆಲೆಯಲ್ಲಿ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು. ಅದನ್ನು ಓದಿ ನನಗೆ ಬಹಳ ಸಮಾಧಾನವಾಯಿತು. ಯಂತ್ರದ ಹಿಂದೆ ಅಡಗಿ ಕೂತವರಿಗೂ ಹೊಣೆ ಇದೆ ಎಂದು ಒಂದು ನ್ಯಾಯಾಲಯ ಸ್ಪಷ್ಟವಾಗಿ ಹೇಳಿದೆ. ಆದರೆ ಅದೇ ತೀರ್ಪು ನನ್ನ ಕೊರತೆಯನ್ನೂ ತೋರಿಸಿತು. ಆಕೆಯ ಕೈಯಲ್ಲಿ ತಾರೀಕುಗಳಿದ್ದವು. ನನ್ನ ಕೈಯಲ್ಲಿ ವಿಶೇಷಣಗಳಿದ್ದವು.

ಮೂರನೆಯ ಪುಟದ ಕೊನೆಗೆ ಬಂದಾಗ ನಾನು ನಿಂತೆ. ಅವ್ವನ ಬಗ್ಗೆ ಇದ್ದದ್ದು ಅಲ್ಲೊಂದೇ ಸಾಲು. ‘ನನ್ನ ವಯಸ್ಸಾದ ತಾಯಿ ಅಸ್ವಸ್ಥರಾಗಿದ್ದರು.’ ಅವಳ ಕೈ ನಡುಗಿದ್ದು ಅಲ್ಲಿಲ್ಲ, ಸೆರಗಿಗೆ ಚೆಲ್ಲಿದ ರಸವಿಲ್ಲ. ಹಸಿವಾಗಿದೆ ಎಂದು ಅವಳು ಊಟಕ್ಕೆ ಎರಡು ತಾಸು ಮೊದಲೇ ಹೇಳಿದ್ದೂ ಇಲ್ಲ.

ಆಗ ನನಗೆ ಗೊತ್ತಾಯಿತು. ಹೇಳಲು ಕಷ್ಟವಾದರೂ ಹೇಳುತ್ತೇನೆ. ಆ ಮಧ್ಯಾಹ್ನದ ಬಗ್ಗೆ ನನಗೆ ಕಂಪನಿಯ ಮೇಲೆ ಸಿಟ್ಟು ಬರುವುದಕ್ಕೆ ಮೊದಲೇ ನನ್ನ ಮೇಲೆ ಸಿಟ್ಟು ಬಂದಿತ್ತು. ಅವ್ವ ಹಸಿವು ಎಂದಾಗ ನಾನು ಕಾರು ನಿಲ್ಲಿಸಬೇಕಿತ್ತು. ಸಕ್ಕರೆ ಕಾಯಿಲೆಯವರನ್ನು ಹೊತ್ತು ತಪ್ಪಿಸಬಾರದು ಎಂದು ನನಗೆ ಗೊತ್ತಿತ್ತು. ಒಳ್ಳೆಯ ಜಾಗದಲ್ಲಿ ಉಣಿಸಬೇಕೆಂಬ ನನ್ನ ಹಟಕ್ಕೆ ಅವಳು ಎಚ್ಚರ ತಪ್ಪುವ ಅಂಚಿಗೆ ಹೋದಳು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ, ಅವಳಿಗೂ. ಅಂಥ ಹೊತ್ತಿನಲ್ಲಿ ಅಚ್ಚಿನ ಕಾಗದವೊಂದು ಬಂದು ನೀನು ತಪ್ಪು ಮಾಡಿದ್ದೀ ಎಂದಿತು. ನನಗೆ ಬೇಕಾಗಿದ್ದದ್ದೂ ಅದೇ, ಬೇರೆ ಯಾರಾದರೂ ತಪ್ಪಿತಸ್ಥರು. ನಾನು ಅವ್ವನಿಗೆ ತೀರಿಸಬೇಕಾದ ಋಣಕ್ಕೆ ಐನೂರು ಪೌಂಡ್ ಬೆಲೆ ಕಟ್ಟಿ, ಅದನ್ನು ಕಂಪನಿಯ ಲೆಕ್ಕಕ್ಕೆ ಬರೆದಿದ್ದೆ.

ಕಂಪನಿ ನಿರಪರಾಧಿ ಎಂದು ಇದರ ಅರ್ಥವಲ್ಲ. ಮುದುಕಿಯೊಬ್ಬಳು ಕಾರಿನಲ್ಲಿ ನಡುಗುತ್ತ ಮಲಗಿದ್ದ 31 ನಿಮಿಷಕ್ಕೆ ಹಣ ಕೇಳುವುದು, ಹೀಗಾಗಿತ್ತು ಎಂದು ತಿಳಿಸಿದ ಮೇಲೂ ಅಚ್ಚಿನ ಉತ್ತರ ಕೊಡುವುದು, ಆಮೇಲೆ 70 ಏರಿಸುವುದು, ಇದು ಕೆಟ್ಟ ನಡತೆ. ಕಾನೂನು ಅದಕ್ಕೆ ಜಾಗ ಕೊಟ್ಟಿರಬಹುದು, ಆದರೂ ಕೆಟ್ಟದ್ದೇ. ಮೊದಲ ಕಾಗದಕ್ಕೇ ಒಬ್ಬ ಮನುಷ್ಯ ಕೂತು ‘ತಾಯಿ ಹೇಗಿದ್ದಾರೆ, ಶುಲ್ಕ ರದ್ದು ಮಾಡಿದ್ದೇವೆ’ ಎಂದು ಎರಡು ಸಾಲು ಬರೆದಿದ್ದರೆ ಈ ಪ್ರಕರಣವೇ ಹುಟ್ಟುತ್ತಿರಲಿಲ್ಲ. ಹಾಗೆ ಬರೆಯಲು ಕರಾರು ಅಡ್ಡ ಬರುವುದಿಲ್ಲ. ಆದರೆ ಅವರ ಕೆಟ್ಟ ನಡತೆ ಬೇರೆ, ನನ್ನ ದುಃಖ ಬೇರೆ. ಎರಡನ್ನೂ ಒಂದೇ ಕಟ್ಟಿನಲ್ಲಿ ಕಟ್ಟಿ ಕಳಿಸಿದ್ದೆ. ಕಟ್ಟು ಬಿಚ್ಚಿದ ನ್ಯಾಯಾಧೀಶರಿಗೆ ದಾವೆ ಎಂಬುದು ಸಿಗಲಿಲ್ಲ. ಅದನ್ನು ಅವರು ಹೇಳಿದರು, ಅಷ್ಟೇ.

ಇಲ್ಲಿ ಒಂದು ಎಚ್ಚರವನ್ನು ಹೇಳಬೇಕು. ಹೊಡೆದುಹಾಕಿದ ಆದೇಶಗಳೆಲ್ಲ ಸರಿ ಎಂದು ನಾನು ಹೇಳುತ್ತಿಲ್ಲ. ವಿಚಾರಣೆಯಿಲ್ಲದೆ, ಕಾಗದ ನೋಡಿಯೇ ಮಾಡುವ ಆದೇಶಗಳು ತಪ್ಪಾಗಬಹುದು. ಅದಕ್ಕಾಗಿಯೇ ಏಳು ದಿನದ ಅವಕಾಶ ಇದೆ. ಶುಲ್ಕ ಕಟ್ಟಿಲ್ಲ, ಕೇಳಿದ ವಿವರ ಕೊಟ್ಟಿಲ್ಲ ಎಂಬ ಕಾರಣಕ್ಕೂ ಹೊಡೆದುಹಾಕುತ್ತಾರೆ, ಅಂಥದ್ದು ಕೆಲವೊಮ್ಮೆ ಒಂದು ಕಾಗದದಿಂದ ಸರಿಹೋಗುತ್ತದೆ. ನಿಮ್ಮ ಹತ್ತಿರ ತಾರೀಕು, ರಸೀದಿ, ನಷ್ಟದ ಲೆಕ್ಕ ಇದ್ದರೆ ಅರ್ಜಿ ಹಾಕಿ. ಕಂಪನಿಗೆ ಈ ಅರ್ಜಿಯ ಶುಲ್ಕ ಒಂದು ಮಧ್ಯಾಹ್ನದ ಖರ್ಚು, ದಿನಗೂಲಿಯವರಿಗೆ ಅದು ವಾರದ ಅನ್ನ. ಆ ಅಸಮಾನತೆ ಬಾಗಿಲಲ್ಲೇ ನಿಂತಿದೆ, ಅದನ್ನು ಕಂಡೂ ಕಾಣದಂತೆ ಇರಲು ನನಗಾಗುವುದಿಲ್ಲ. ನನ್ನ ಕೈಯಲ್ಲಿ ಅಂಥ ಲೆಕ್ಕ ಇರಲಿಲ್ಲ. ಆದ್ದರಿಂದ ಅರ್ಜಿ ಹಾಕಲಿಲ್ಲ. ಮುಂದಿನ ಶನಿವಾರ ಏಳನೆಯ ದಿನ ಮುಗಿಯಿತು. ಅವತ್ತು ರಾತ್ರಿ ನನಗೆ ಚೆನ್ನಾಗಿ ನಿದ್ದೆ ಬಂತು.

ಆಮೇಲೆ ಸಾಕ್ಷಿ ಹೇಳಿಕೆ ಬರೆದೆ. ವಿಚಾರಣೆಗೆ 14 ದಿನ ಮೊದಲು ಕೋರ್ಟಿಗೂ ಎದುರಿನವರಿಗೂ ತಲುಪಬೇಕಿತ್ತು. ಗೆಳೆಯನೊಬ್ಬ, ಕಾರು ಓಡಿಸಿದ್ದು ಯಾರೆಂದು ಹೇಳಬೇಡ, ಫಲಕ ಕಾಣಲಿಲ್ಲ ಅನ್ನು ಎಂದು ಬುದ್ಧಿ ಹೇಳಿದ. ಓಡಿಸಿದವರ ಹೆಸರು ಹೇಳದೆ ಸುಮ್ಮನಿರುವುದು ಸುಳ್ಳಲ್ಲ, ಕಾನೂನು ಅದಕ್ಕೆ ಅವಕಾಶ ಕೊಟ್ಟಿದೆ. ಆದರೆ ಹೆಸರು ಮುಚ್ಚಿಟ್ಟರೆ ಅವ್ವನ ಬಾಯಿಗೆ ರಸ ಹಿಡಿದವರು ಯಾರು ಎಂಬುದನ್ನೂ ಮುಚ್ಚಿಡಬೇಕಾಗುತ್ತಿತ್ತು. ಫಲಕ ಕಾಣಲಿಲ್ಲ ಎನ್ನುವುದಂತೂ ಸುಳ್ಳು. ಎರಡೂ ಬೇಡವೆಂದೆ. ಹೇಳಿಕೆ ಎರಡು ಪುಟ ಆಯಿತು. ನಾಲ್ಕನೆಯ ಕಲಮಿನಲ್ಲಿ ಆ ಅರ್ಧ ತಾಸನ್ನು ನಡೆದಂತೆ ಬರೆದೆ. ಐದನೆಯದರಲ್ಲಿ ತಾಯಿ ಹಸಿವೆಂದು ಮೊದಲೇ ಹೇಳಿದ್ದರು, ನಾನು ತಡ ಮಾಡಿದೆ ಎಂದೂ ಬರೆದೆ. ಕೋರ್ಟಿಗೆ ಅದು ಬೇಕಿರಲಿಲ್ಲ. ಆದರೆ ಕೊನೆಯಲ್ಲಿ, ಇದರಲ್ಲಿರುವುದು ಸತ್ಯವೆಂದು ನಂಬುತ್ತೇನೆ ಎಂದು ಸಹಿ ಮಾಡಬೇಕಿತ್ತು. ಅದನ್ನು ಬಿಟ್ಟು ಸಹಿ ಮಾಡಲು ಕೈ ಬರಲಿಲ್ಲ.

ವಿಚಾರಣೆ ನಡೆದದ್ದು 2024ರ ಫೆಬ್ರವರಿಯಲ್ಲಿ. ಕಟಕಟೆಯಿಲ್ಲ, ಬಿಳಿ ಟೋಪನ್ನಿಲ್ಲ. ಸಾಧಾರಣ ಕೋಣೆ, ಉದ್ದ ಮೇಜು, ಒಂದು ತುದಿಯಲ್ಲಿ ನ್ಯಾಯಾಧೀಶರು. ಕಂಪನಿಯ ಪರವಾಗಿ ಬಂದ ವಕೀಲ ನನ್ನ ತಂಗಿಯ ಮಗನ ವಯಸ್ಸಿನವನು, ಕಡತವನ್ನು ಹಿಂದಿನ ರಾತ್ರಿ ನೋಡಿದ್ದಿರಬೇಕು. ನ್ಯಾಯಾಧೀಶರು ಮೊದಲೇ ಹೇಳಿದರು: ಪ್ರತಿದಾವೆ ಇಂದು ನನ್ನ ಮುಂದಿಲ್ಲ, ಅದರ ಬಗ್ಗೆ ಮಾತಾಡುವುದು ಬೇಡ. ಸರಿ ಎಂದೆ. ಆ ಒಂದು ‘ಸರಿ’ ಹೇಳಲು ಐದು ತಿಂಗಳು ಬೇಕಾಗಿತ್ತು. ಫಲಕ ನೋಡಿದಿರಾ ಎಂದು ಕೇಳಿದರು. ನೋಡಿದೆ ಎಂದೆ. ನಾಲ್ಕನೆಯ ಕಲಮಿಗೆ ಬಂದಾಗ ಅವರು ಬೆರಳಿಟ್ಟು ನಿಧಾನವಾಗಿ ಓದಿದರು. ಕಂಪನಿಯ ವಕೀಲನನ್ನು ನೋಡಿ, ಇದನ್ನು ನೀವು ಪ್ರಶ್ನಿಸುತ್ತೀರಾ ಎಂದರು. ಇಲ್ಲ ಎಂದ ಅವನು.

ನಲವತ್ತು ನಿಮಿಷದಲ್ಲಿ ತೀರ್ಪು. ತಾಯಿಯ ಅನಾರೋಗ್ಯದ ಬಗ್ಗೆ ಪ್ರತಿವಾದಿ ಹೇಳಿದ್ದನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ, ಆದರೆ ಅದು ಕರಾರಿನ ಹೊಣೆಯನ್ನು ಅಳಿಸುವುದಿಲ್ಲ, ಬೀವಿಸ್ ತೀರ್ಪಿಗೆ ನಾನು ಬದ್ಧ ಎಂದರು. 100 ಪೌಂಡ್ ಕೊಡಬೇಕು. ಸೇರಿಸಿದ 70 ಪೌಂಡ್ ಫಲಕದಲ್ಲಿ ಸ್ಪಷ್ಟವಾಗಿ ಇಲ್ಲದ್ದರಿಂದ ಅದು ಸಿಗುವುದಿಲ್ಲ. ದಾವೆಯ ಶುಲ್ಕ 35, ವಿಚಾರಣೆಯ ಶುಲ್ಕ 27, ವಕೀಲರ ನಿಗದಿತ ವೆಚ್ಚ 50 ಸೇರಿ, ಚಿಲ್ಲರೆ ಬಡ್ಡಿ ಬಿಟ್ಟು 212 ಪೌಂಡ್.

ಸೋತೆ. ಆದರೂ ಹೊರಗೆ ಬಂದಾಗ ಆ ಶನಿವಾರದ ಬಿಸಿ ಇರಲಿಲ್ಲ. ಯಾರಾದರೂ ಒಬ್ಬರು, ಸಂಬಂಧವಿಲ್ಲದವರು, ಅಧಿಕಾರವಿರುವವರು, ಆ ಅರ್ಧ ತಾಸು ನಡೆದದ್ದು ನಿಜ ಎಂದು ಹೇಳಲಿ ಎಂಬುದಷ್ಟೇ ನನ್ನ ಪ್ರತಿದಾವೆಯ ಒಳಗಿದ್ದ ಬೇಡಿಕೆಯಾಗಿತ್ತು. ಅದು ಐನೂರು ಪೌಂಡಿನ ವೇಷದಲ್ಲಿ ಹೋದಾಗ ಸಿಗಲಿಲ್ಲ. ನಾಲ್ಕನೆಯ ಕಲಮಾಗಿ ಹೋದಾಗ ಸಿಕ್ಕಿತು.

ಹಣವನ್ನು ಆ ವಾರವೇ ಕಟ್ಟಿದೆ. ಪ್ರತಿದಾವೆಗೆ ಕಟ್ಟಿದ 50 ಮರಳಿ ಬರಲಿಲ್ಲ. ಭಾನುವಾರ ಅವ್ವನಿಗೆ ಫೋನು ಮಾಡಿ ಕೇಸು ಮುಗಿಯಿತು ಎಂದೆ. ‘ನನ್ನ ಸಲುವಾಗಿ ಕೋರ್ಟಿನ ಮೆಟ್ಟಲಾ ಹತ್ತೂಹಂಗಾತಲ್ಲೋ’ ಎಂದು ನೊಂದುಕೊಂಡಳು. ನಿನ್ನ ಸಲುವಾಗಿ ಅಲ್ಲ ಎಂದೆ. ಆ ದಿನ ನೀನು ಹಸಿವು ಅಂದಾಗ ನಾನು ನಿಲ್ಲಿಸಲಿಲ್ಲ, ತಪ್ಪಾಯಿತು ಎಂದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ‘ಹೌದು, ಬಾಳ ಹಸ್ತಿತ್ತು ಅವತ್ತ’ ಅಂದಳು.

ಇಂಗ್ಲೆಂಡಿನಲ್ಲಿರುವ ನಮ್ಮವರಿಗೆ ಒಂದು ಮಾತು. ಇಂಥ ಲಕೋಟೆ ಬಂದರೆ ಒಡೆಯದೆ ಇಡಬೇಡಿ. ಬಂದ ತಾರೀಕನ್ನು ಮೇಲೆಯೇ ಬರೆದುಕೊಳ್ಳಿ. ಮೊದಲ ಕಾಗದಕ್ಕೇ, ಸಿಟ್ಟಿಲ್ಲದೆ, ನಡೆದದ್ದನ್ನು ನಡೆದಂತೆ ಬರೆದು ಉತ್ತರ ಕಳಿಸಿ, ಅದರ ಪ್ರತಿ ಇಟ್ಟುಕೊಳ್ಳಿ. ಈಗ 2024ರ ಮೇ ತಿಂಗಳಿಂದ ಇಂಥ ದಾವೆಗಳಲ್ಲಿ ವಿಚಾರಣೆಗೆ ಮೊದಲು ಫೋನಿನಲ್ಲಿ ಒಂದು ತಾಸಿನ ಉಚಿತ ಸಂಧಾನಕ್ಕೆ ಕರೆಯುತ್ತಾರೆ, ಅದಕ್ಕೂ ತಪ್ಪದೆ ಹಾಜರಾಗಿ. ನೀವು ಹಾಕಿದ ಪ್ರತಿದಾವೆಯನ್ನು ಕೋರ್ಟು ಹೊಡೆದುಹಾಕಿದರೆ ಆದೇಶವನ್ನು ಕೊನೆಯ ಸಾಲಿನವರೆಗೂ ಓದಿ. ನಿಮ್ಮ ಕೈಫಿಯತ್ತು ಇನ್ನೂ ಅಲ್ಲೇ ಇದೆ. ವಿಚಾರಣೆಯ ದಿನ ಹೋಗಿ, ಆ ಮೇಜಿನ ಮುಂದೆ ಕೂತು, ಅದನ್ನು ಹೇಳಿ ಬನ್ನಿ.